ಡಬ್ಬಿ ಬದಲಿಸಿದ್ದು

ಬೆಳಿಗ್ಗೆ ತಣ್ಣಗಿರುವಾಗ ಏನೂ ಇಲ್ಲ ಮಾರಾಯ,
ಹೊಸ ಗಾಡಿಯ ಹಾಗೆ ಓಡ್ತದೆ.
ತಲಪಾಡಿ ಮುಟ್ಟಿ ಬಿಸಿಲೇರಿತೋ
ನಡುರಸ್ತೆಯಲ್ಲಿ ಉಸಿರು ನಿಲ್ಲಿಸ್ತದೆ
ಅಂದರು ಬಾವಾಕ,
ಹದಿನೈದು ವರ್ಷದ ಮೀನಿನ ಲಾರಿಯನ್ನು
ಹಗ್ಗ ಕಟ್ಟಿ ಎಳೆಸಿಕೊಂಡು ಬಂದು
ಬೈಕಂಪಾಡಿಯ ನನ್ನ ಶೆಡ್ಡಿನ ಬಾಗಿಲಿಗೆ.

ಮೂರು ಕಡೆ ತೋರಿಸಿ ಆಗಿತ್ತು.
ಒಬ್ಬ ಡೀಸೆಲ್ ಪಂಪು ಬದಲಿಸಿದ. ಒಬ್ಬ ಸೆನ್ಸರು.
ಒಬ್ಬ ಏನೂ ಬದಲಿಸದೆ ಆರು ಸಾವಿರ ತೆಗೆದುಕೊಂಡ.
ನಾನು ಅರ್ತಿನ ವಯರು ಬಿಚ್ಚಿ, ಉಜ್ಜಿ, ಮತ್ತೆ ಕಟ್ಟಿದೆ.
ಮೊದಲು ಅದು, ಆಮೇಲೆ ಅನುಮಾನ
ಎಂದು ಬೈದು ಬೈದು ಕಲಿಸಿದವರು ನನ್ನ ಗುರು ಡೆನ್ಝಿಲ್ ಪುರ್ಬುಗಳು.
ಸರಿಯಾಗಲಿಲ್ಲ.

ಇಂಜಿನಿನ ಎಡಗಡೆ, ಕೈ ಕಷ್ಟಪಟ್ಟು ಹೋಗುವಲ್ಲಿ
ಬುತ್ತಿಪಾತ್ರೆಯಷ್ಟು ಅಲ್ಯೂಮಿನಿಯಮ್ಮು.
ಇಸಿಎಂ ಅಂತ ಅದರ ಹೆಸರು, ನಮಗೆ ಬರೇ ಡಬ್ಬಿ.
ಯಾವ ಸಿಲಿಂಡರಿಗೆ, ಯಾವ ಗಳಿಗೆಗೆ, ಎಷ್ಟು ಹನಿ
ಎಂದು ಲೆಕ್ಕ ಹಾಕುತ್ತ ಕೂತ
ರಜೆಯಿಲ್ಲದ ಗುಮಾಸ್ತ.
ಯತಿನ್ ಮನೆಯಿಂದ ಹೇರ್ ಡ್ರೈಯರ್ ತಂದ,
ಅವನ ಅಕ್ಕನ ಮದುವೆಗೆ ಕೊಂಡದ್ದು.
ಡಬ್ಬಿಗೆ ಹಿಡಿದೆ. ಎಂಟೇ ನಿಮಿಷ, ಇಂಜಿನ್ ಸತ್ತಿತು.
ಐಸು ತುಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒತ್ತಿದೆ,
ಚಾವಿ ತಿರುಗಿಸಿದರೆ ಬದುಕಿತು.
ಓಹೋ, ಇವನೂ ಬಂಗುಡೆಯ ಜಾತಿಯವನೇ
ಎಂದು ನಕ್ಕರು ಬಾವಾಕ. ಆಮೇಲೆ ನಗಲಿಲ್ಲ.

ಪ್ಲಗ್ಗು ಎಳೆದರೆ ಪಿನ್ನುಗಳ ಬುಡದಲ್ಲಿ ಹಸಿರು ತುಕ್ಕು.
ದಕ್ಕೆಯಿಂದ ಎರ್ನಾಕುಲಂವರೆಗೆ
ಮುಂದಿನ ಲಾರಿ ರಸ್ತೆಗೆ ಬಿಟ್ಟ ಉಪ್ಪುನೀರು
ಹಿಂದಿನ ಲಾರಿಗೆ ಹಾರುತ್ತದೆ.
ಇವರ ನೀರು ಯಾರ ಲಾರಿ ತಿಂದಿತೋ.

ಹೊಸ ಡಬ್ಬಿ ಮಾಡುವುದನ್ನು ಕಂಪನಿ ನಿಲ್ಲಿಸಿದೆಯಂತೆ.
ಜೋಕಟ್ಟೆಯ ಗುಜರಿಯಲ್ಲಿ ಒಂದು ಸಿಕ್ಕಿತು, ಅದೇ ನಂಬರಿನದ್ದು,
ಹದಿನೆಂಟು ಸಾವಿರ, ಗ್ಯಾರಂಟಿ ಕೇಳಬಾರದು.
ಬ್ಯಾಟರಿ ಕಳಚಿ, ಆರು ಬೋಲ್ಟು ಬಿಗಿದು,
ಇಂಜೆಕ್ಟರಿನ ತಲೆಯ ಮೇಲಿನ ಸಣ್ಣ ಅಕ್ಷರ
ಟಾರ್ಚು ಹಿಡಿದು ಯತಿನ್ ಓದಿದ, ನಾನು ಒತ್ತಿದೆ.
ಸ್ಕ್ಯಾನರ್ ತೆರೆದರೆ
ಯಾರದೋ ಲಾರಿಯ ಕಾಯಿಲೆಗಳು:
ಕೂಲಂಟು ಕುದಿದದ್ದು. ಆಯಿಲ್ ಪ್ರೆಶರ್ ಇಳಿದದ್ದು.
ಇಂಜಿನ್ ಓಡಿದ್ದು ಹನ್ನೊಂದು ಸಾವಿರದ ಇನ್ನೂರ ಎಪ್ಪತ್ತು ಗಂಟೆ.
ಯಾರ ಗಾಡಿ?
ಶಿರಾಡಿಯಲ್ಲಿ ಉರುಳಿದ್ದಂತೆ.
ಡ್ರೈವರು?
ಗುಜರಿಯವನಿಗೆ ಗೊತ್ತಿಲ್ಲ.

ಕಾಯಿಲೆ ಅಳಿಸಿದೆ. ಗಂಟೆ ಅಳಿಯುವುದಿಲ್ಲ ಬಾವಾಕ,
ನನ್ನ ಸ್ಕ್ಯಾನರಿಗೆ ಆ ಅಧಿಕಾರ ಇಲ್ಲ.
ಹಾಗಾದರೆ ನಾನು ಓಡಿಸಿದ್ದು?
ಅದು ಹಳೆಯದರಲ್ಲೇ ಉಂಟು.
ಬೆಂಚಿನ ಮೇಲಿಂದ ಅದನ್ನು ಎತ್ತಿ
ತೆಂಗಿನಕಾಯಿ ನೋಡುವ ಹಾಗೆ
ಕಿವಿಯ ಹತ್ತಿರ ಅಲುಗಿಸಿದರು.
ನೀರಿರಲಿಲ್ಲ.

ಝುಬೈದಾ ಹೆರಿಗೆಗೆ ಒಳಗೆ ಹೋದಾಗ
ನಾನು ಪಯ್ಯನ್ನೂರಿನ ಬ್ಲಾಕಿನಲ್ಲಿದ್ದೆ, ಅಂದರು,
ಇಂಜಿನ್ ಬಂದ್ ಮಾಡಿರಲಿಲ್ಲ,
ಬಂದ್ ಮಾಡಿದರೆ ಏನೋ ಆಗ್ತದೆ ಅಂತ.
ಮುಕ್ಕಾಲು ಗಂಟೆ. ಅದೂ ಇದರಲ್ಲಿ ಉಂಟಲ್ಲ?

ಬಿಚ್ಚುವ ಮೊದಲೇ ಬರೆದಿಟ್ಟ ಚೀಟಿ ಕೊಟ್ಟೆ.
ಪೇಂಟಿನ ಪೆನ್ನು ಕೇಳಿದರು.
ಬಿಸಿಲಿಗೆ ಮಡಚುವ ಹಲಗೆಯ ಒಳಮೈಯಲ್ಲಿ
೨೩೯೦೪ ಎಂದು ಬರೆದರು.
ಸ್ವಲ್ಪ ತಡೆದು ಅದರ ಕೆಳಗೆ ೧೧೨೭೦.
ಗೆರೆ ಎಳೆದರು, ಕೂಡಿಸಲಿಲ್ಲ.

ಹನ್ನೆರಡರ ಬಿಸಿಲಿಗೆ ಕೂಳೂರು ಸಂಕದ ಕಡೆ ಹೋಯಿತು ಲಾರಿ.
ನಾನು ಗಂಜಿಯ ಮುಂದೆ ಕೂತು
ಫೋನು ನೋಡುತ್ತಿದ್ದೆ.
ಒಂದಾಯಿತು. ಎರಡಾಯಿತು.
ಎರಡೂವರೆಗೆ ರಿಂಗಾಯಿತು:
ಕಾಸರಗೋಡು ದಾಟಿದೆ, ಏನೂ ತೊಂದರೆ ಇಲ್ಲ.
ಹಾರನ್ನು ಮಾತ್ರ ಆಗುವುದಿಲ್ಲ ಮಾರಾಯ,
ಎಂತದ್ದು ವಯರು ಬಿಟ್ಟದ್ದು ನೀನು?